ಉಮರಾಣಿಯ ಹಳ್ಳದ ದಂಡೆಯಲ್ಲಿ

ನಮ್ಮ ಜತ್ತ ತಾಲೂಕಿನ ಉಮರಾಣಿಯ ಬಯಲಿಗೆ ಪ್ರತಿ ಬೇಸಿಗೆಯಲ್ಲಿ ಒಮ್ಮೆಯಾದರೂ ನಾವು ಮನೆಮಂದಿ ಹೋಗಿಬರುತ್ತೇವೆ. ನೋಡಲು ಅಲ್ಲಿ ವಿಶೇಷವೇನೂ ಇಲ್ಲ. ಮೇಯುವ ಕುರಿಗಳು, ಜಾಲಿಗಿಡಗಳು, ಒಣಗಿದ ಹಳ್ಳ. ಆದರೆ 1673ರ ಏಪ್ರಿಲ್ ತಿಂಗಳಲ್ಲಿ ವಿಜಾಪುರದ ಸರದಾರ ಬಹಲೋಲಖಾನನನ್ನು ಶಿವಾಜಿ ಮಹಾರಾಜರ ಸೇನಾಪತಿ ಪ್ರತಾಪರಾವ ಗುಜರನು ತಡೆದದ್ದು ಈ ಊರ ಬಳಿಯಲ್ಲಿಯೇ. ಹಿಂದಿನ ತಿಂಗಳು ಮರಾಠರ ವಶವಾಗಿದ್ದ ಪನ್ಹಾಳಗಡವನ್ನು ಮರಳಿ ಪಡೆಯಲು ಖಾನನು ಹೊರಟಿದ್ದನು.

ಒಂದು ವರ್ಷ ನಮ್ಮ ಕಾಕಾ ಸಂಗಡ ಬಂದಿದ್ದರು. ಅವರು ಟ್ಯಾಂಕ್ ರೆಜಿಮೆಂಟೊಂದರ ಶೋಧ ತುಕಡಿಯಲ್ಲಿದ್ದು ದಫೇದಾರರಾಗಿ ನಿವೃತ್ತರಾದವರು. ಕುದುರೆಗಳು ಹೋಗಿ ಉಕ್ಕಿನ ಗಾಡಿಗಳು ಬಂದು ಎಷ್ಟೋ ಕಾಲವಾದರೂ ಆ ಪಡೆಗಳಲ್ಲಿ ಸಿಪಾಯಿಗೆ ಇಂದಿಗೂ ಸವಾರನೆಂದೇ ಹೆಸರು. ಯುದ್ಧದ ಕಥೆಗಾಗಿ ಕಾದಿದ್ದ ಮಕ್ಕಳನ್ನು ಕಾಕಾ ತಿರುಗಿ ಕೇಳಿದರು: "ತಮ್ಮಾ, ಇಂಥಾ ಬ್ಯಾಸಿಗ್ಯಾಗ ಇಲ್ಲಿ ನೀರ ಎಲ್ಲಿ ಸಿಗತೈತಿ? ಅದನ್ನ ಮೊದಲ ಯಾರು ಕಂಡ್ರೋ, ಲಡಾಯಿ ಅವ್ರದ."

ನಡೆದದ್ದೂ ಹಾಗೆಯೇ. ಪ್ರತಾಪರಾವನು ನೀರಿನ ನೆಲೆಯನ್ನು ಹಿಡಿದುಕೊಂಡನು. ಬಾಯಾರಿ ಬಳಲಿದ ಖಾನನು ಸಂಧಿ ಬೇಡಿದಾಗ ಅವನನ್ನು ಹೋಗಗೊಟ್ಟನು. ಮಹಾರಾಜರಿಗೆ ಅದು ಸರಿಬರಲಿಲ್ಲ.

ದೊಡ್ಡ ಯುದ್ಧಗಳಲ್ಲಿ ಶೋಧ ಪಡೆಯ ಕೆಲಸ ಇಂದಿಗೂ ಇಂಥದೇ ಎಂದು ಕಾಕಾ ವಿವರಿಸಿದರು. ಹಗುರ ಗಾಡಿಗಳು ಮುಂದೆಯೂ ಪಕ್ಕಗಳಲ್ಲಿಯೂ ಹರಡಿಕೊಳ್ಳುತ್ತವೆ. ವೈರಿ ಎಲ್ಲಿದ್ದಾನೆ, ಸೇತುವೆ ಭಾರ ತಾಳೀತೇ, ನೆಲ ಗಟ್ಟಿಯೇ, ಸುರಂಗಗಳನ್ನು ಹೂಳಿದ್ದಾರೆಯೇ ಎಂದು ವೈರ್‌ಲೆಸ್ಸಿನಲ್ಲಿ ತಿಳಿಸುತ್ತವೆ. ಸೇನಾಪತಿಯು ಅಲ್ಲಿಯವರೆಗೆ ತನ್ನ ಭಾರಿ ಟ್ಯಾಂಕುಗಳನ್ನು ಬಿಗಿಹಿಡಿದಿರಬೇಕು. 1965ರ ಸೆಪ್ಟೆಂಬರಿನಲ್ಲಿ ಪಂಜಾಬದ ಅಸಲ್ ಉತ್ತರದಲ್ಲಿ ನಮ್ಮವರು ಕಾಲುವೆ ಒಡೆದು ಹೊಲಗಳಿಗೆ ನೀರು ಬಿಟ್ಟಿದ್ದರು. ಪಾಕಿಸ್ತಾನದ ಹೆಸರಾಂತ ಪ್ಯಾಟನ್ ಟ್ಯಾಂಕುಗಳು ಆ ಕೆಸರಿನೊಳಗೆ ನುಗ್ಗಿ ಸಿಕ್ಕಿಬಿದ್ದವು. ಉಮರಾಣಿಯಲ್ಲಿ ನೀರಿಲ್ಲದೆ ಸೋತರು, ಅಲ್ಲಿ ನೀರಿನಿಂದ ಸೋತರು.

ಶೋಧ ತುಕಡಿಗೂ ಬಂದೂಕು ಇರುತ್ತದಲ್ಲ, ಕಂಡೊಡನೆ ಹೊಡೆಯಬಾರದೇಕೆ ಎಂದು ನಾವು ಕೇಳಿದೆವು.

"ಕಂಡಾವನ ಹೊಡ್ಯಾಕ ನಿಂತ್ರ ಹಿಂದ ಸುದ್ದಿ ಹೇಳಾವ್ರು ಯಾರು?"

ಆಗ ನಮಗೆ ನೇಸರಿ ನೆನಪಾಯಿತು. ಬಿಟ್ಟ ಖಾನನು ಮತ್ತೆ ದಂಡೆತ್ತಿ ಬಂದಿದ್ದನು. 1674ರ ಫೆಬ್ರುವರಿ 24ರಂದು, ಈಗಿನ ಗಡಹಿಂಗ್ಲಜ ತಾಲೂಕಿನ ಆ ಊರಿನ ಬಳಿ, ಪ್ರತಾಪರಾವನು ಹಿಂದಿನ ಸೈನ್ಯಕ್ಕೂ ಕಾಯದೆ ಆರು ಜನ ಸವಾರರೊಡನೆ ಅವನ ಮೇಲೆ ಏರಿಹೋಗಿ ಮಡಿದನು. ಆ ಶೌರ್ಯಕ್ಕೆ ನಾವೂ ತಲೆಬಾಗುತ್ತೇವೆ. ಕಾಕಾ ಮಾತ್ರ ಬಹಳ ಹೊತ್ತಿನ ಮೇಲೆ, "ಏಳು ಮಂದಿ ನೋಡಿ ಬರಾಕ ಸಾಕಾಗಿತ್ತು," ಎಂದರು.

ಹೊರಡುವಾಗ, ಯಾರೂ ಕೇಳದಿದ್ದರೂ, 1971ರ ಶಕರಗಢದ ಒಂದು ರಾತ್ರಿಯ ಸಂಗತಿ ಹೇಳಿದರು. ಮುಂದಿನ ಗಾಡಿಯಲ್ಲಿದ್ದ ಗೆಳೆಯನು ವೈರ್‌ಲೆಸ್ಸಿನಲ್ಲಿ ಮುಂದೆ ನೆಲ ಮೆತ್ತಗಿದೆ, ಎಡಕ್ಕೆ ಹೊರಳಿರಿ ಎಂದನಂತೆ. ಟ್ಯಾಂಕುಗಳು ಎಡಕ್ಕೆ ಹೊರಳಿ ಉಳಿದುಕೊಂಡವು. ಆಮೇಲೆ ಆ ದನಿ ಕೇಳಿಬರಲಿಲ್ಲ.

"ಅವ್ರು ಎಷ್ಟ ಮಂದೀನ ಹೊಡದ್ರು, ಅಜ್ಜಾ?" ಎಂದು ನಮ್ಮ ಕಿರಿಯ ಮಗ ಕೇಳಿದ.

"ಒಂದೂ ಗುಂಡ ಹಾರಸಲಿಲ್ಲಪ್ಪಾ," ಎಂದ ಕಾಕಾ ಕೋಲೂರಿಕೊಂಡು ಹಳ್ಳಕ್ಕೆ ಇಳಿಯತೊಡಗಿದರು.