ಕ್ರೈಸ್ತ ಕಾಲೇಜಿನಲ್ಲಿ ನಮ್ಮ ಸೊಸೆಯ ವ್ಯಾಸಂಗ

‘ಶುಶ್ರೂಷೆ’ ಎಂಬುದು ನಾವು ನಿತ್ಯವೂ ಬಳಸುವ ಮಾತು. ರೋಗಿಯ ಉಪಚಾರವೆಂದೇ ಅದರ ಅರ್ಥವನ್ನು ಗ್ರಹಿಸುತ್ತೇವೆ. ಆದರೆ ಸಂಸ್ಕೃತದಲ್ಲಿ ಆ ಪದದ ಮೂಲಾರ್ಥ ‘ಕೇಳಬೇಕೆಂಬ ಇಚ್ಛೆ’ ಎಂದು. ಗುರುವಿನ ಮಾತನ್ನು ಕೇಳಬಯಸುವವನು ಗುರುವಿನ ಸೇವೆಯನ್ನೂ ಮಾಡುತ್ತಾನೆ. ಹೀಗೆ ಕೇಳುವಿಕೆಯಿಂದ ಸೇವೆಗೆ, ಸೇವೆಯಿಂದ ರೋಗಿಯ ಆರೈಕೆಗೆ ಆ ಪದದ ಅರ್ಥ ಬೆಳೆದು ಬಂದಿದೆ. ಮೊದಲು ಕೇಳುವುದು, ಅನಂತರ ಮಾಡುವುದು. ಈ ಕ್ರಮದ ಬೆಲೆಯನ್ನು ನಾನು ಕಣ್ಣಾರೆ ಕಂಡದ್ದು ಈ ಇಳಿವಯಸ್ಸಿನಲ್ಲಿ, ಅದೂ ಪರದೇಶದಲ್ಲಿ, ನಮ್ಮ ಸೊಸೆಯ ವ್ಯಾಸಂಗವನ್ನು ಹತ್ತಿರದಿಂದ ನೋಡುವ ಅವಕಾಶ ಒದಗಿದಾಗ.

ಈ ಪತ್ರಿಕೆಯ ವಾಚಕರಲ್ಲಿ ಅನೇಕರು ನನ್ನಂತೆಯೇ ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಮುಂದೆ ಬಂದವರು. ನಮ್ಮ ಮಕ್ಕಳು ಈಗ ದೇಶದೇಶಗಳಲ್ಲಿ ನೆಲೆಸಿದ್ದಾರೆ. ಕಳೆದ ಜಾತ್ರೆಯ ಸಂದರ್ಭದಲ್ಲಿ ಹಳೆಯ ಸಹಪಾಠಿಗಳು ಕೆಲವರು ನನ್ನನ್ನು ಕೇಳಿದರು: “ಮನೆಯಲ್ಲಿ ಕುಳಿತೇ ನರ್ಸಿಂಗ್ ಪದವಿ ಪಡೆಯಬಹುದಂತೆ, ನಿಜವೇನು? ಅದು ಕ್ರೈಸ್ತರ ಕಾಲೇಜಂತೆ. ನಮ್ಮ ಹೆಣ್ಣುಮಗಳು ಅಲ್ಲಿ ಸೇರಿದರೆ ಹೇಗೆ?” ಪ್ರಶ್ನೆ ಎರಡಾದರೂ ಅವುಗಳ ಹಿಂದಿದ್ದ ಆತಂಕ ಒಂದೇ. ಅವರಿಗೆ ಕೊಟ್ಟ ಉತ್ತರವನ್ನು ತುಸು ವಿಸ್ತರಿಸಿ ಇಲ್ಲಿ ನಿವೇದಿಸುತ್ತಿದ್ದೇನೆ.

ನಮ್ಮ ಸೊಸೆ ಕರ್ನಾಟಕದಲ್ಲಿಯೇ ನರ್ಸಿಂಗ್ ಡಿಪ್ಲೊಮಾ ಮುಗಿಸಿದವಳು. ಮದುವೆಯಾಗಿ ಅಮೆರಿಕದ ಓಹಾಯೋ ರಾಜ್ಯಕ್ಕೆ ಹೋದ ಬಳಿಕ ಅಲ್ಲಿಯ ‘ಎನ್‌ಕ್ಲೆಕ್ಸ್’ ಪರೀಕ್ಷೆಯಲ್ಲಿ ಉತ್ತೀರ್ಣಳಾಗಿ, ರಾಜ್ಯದ ನರ್ಸಿಂಗ್ ಮಂಡಳಿಯ ಪರವಾನಗಿ ಪಡೆದು, ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಪರವಾನಗಿಯಿತ್ತು, ಅನುಭವವಿತ್ತು, ಪದವಿ ಮಾತ್ರ ಇರಲಿಲ್ಲ. ಅಲ್ಲಿ ಇತ್ತೀಚಿನ ವರ್ಷಗಳಲ್ಲಿ ಪದವಿಗೆ ಬೆಲೆ ಏರಿದೆ. 2003ರಲ್ಲಿ ಲಿಂಡಾ ಐಕನ್ ಎಂಬ ವಿದುಷಿಯೂ ಸಂಗಡಿಗರೂ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳನ್ನು ಅಭ್ಯಾಸ ಮಾಡಿ, ಪದವೀಧರ ದಾದಿಯರ ಪ್ರಮಾಣ ಹೆಚ್ಚಿದ್ದಲ್ಲಿ ಶಸ್ತ್ರಚಿಕಿತ್ಸೆಯಾದ ರೋಗಿಗಳ ಮರಣದ ಸಂಭವ ಕಡಿಮೆಯಿತ್ತೆಂದು ಪ್ರಕಟಿಸಿದರು. 2010ರಲ್ಲಿ ಅಲ್ಲಿಯ ವೈದ್ಯಕೀಯ ಸಂಸ್ಥೆಯೊಂದರ ವರದಿಯು, 2020ರ ವೇಳೆಗೆ ನೂರಕ್ಕೆ 80 ದಾದಿಯರು ಪದವೀಧರರಾಗಬೇಕೆಂದು ಸಲಹೆಯಿತ್ತಿತು. ಆ ಗುರಿ ಆ ವರ್ಷಕ್ಕೆ ಕೈಗೂಡಲಿಲ್ಲವಾದರೂ ಆಸ್ಪತ್ರೆಗಳು ಅದೇ ದಾರಿಯಲ್ಲಿ ಸಾಗಿದವು. ನ್ಯೂಯಾರ್ಕ್ ರಾಜ್ಯವಂತೂ 2017ರಲ್ಲಿ ಶಾಸನವನ್ನೇ ಮಾಡಿ, ಹೊಸದಾಗಿ ಪರವಾನಗಿ ಪಡೆಯುವವರು 10 ವರ್ಷಗಳೊಳಗೆ ಪದವಿ ಪಡೆಯಬೇಕೆಂದು ವಿಧಿಸಿತು.

ಇಲ್ಲಿ ವಾಚಕರು ಒಂದು ಮಾತನ್ನು ಚೆನ್ನಾಗಿ ಗಮನಿಸಬೇಕು. ನಾನು ಹೇಳುತ್ತಿರುವ ಆನ್‌ಲೈನ್ ಪದವಿಯು ಈಗಾಗಲೇ ದಾದಿಯಾಗಿರುವವಳಿಗಾಗಿ ಏರ್ಪಟ್ಟದ್ದು. ಸೂಜಿ ಹಾಕುವುದನ್ನೂ ಗಾಯ ಕಟ್ಟುವುದನ್ನೂ ಯಂತ್ರದ ಪರದೆಯ ಮೇಲೆ ಕಲಿಯಲಾಗದು. ಹೊಸದಾಗಿ ದಾದಿಯಾಗಬೇಕಾದವರು ಅಮೆರಿಕದಲ್ಲಿಯೂ ರೋಗಿಯ ಹಾಸಿಗೆಯ ಬಳಿ ನಿಂತೇ ಕಲಿಯಬೇಕು. ನಮ್ಮ ದೇಶದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ನರ್ಸಿಂಗನ್ನು ಆನ್‌ಲೈನ್ ಮೂಲಕ ಬೋಧಿಸಬಾರದ ವಿಷಯಗಳ ಪಟ್ಟಿಯಲ್ಲಿರಿಸಿದೆ. ಆದ್ದರಿಂದ ‘ಹನ್ನೆರಡನೆಯ ತರಗತಿ ಮುಗಿಸಿದ ನಿಮ್ಮ ಮಗಳನ್ನು ಮನೆಯಲ್ಲಿಯೇ ನರ್ಸ್ ಮಾಡುತ್ತೇವೆ’ ಎಂದು ಯಾವನಾದರೂ ದಲ್ಲಾಳಿ ಬಂದರೆ, ಹೊಲ ಮಾರಿದ ಹಣವನ್ನು ಅವನ ಕೈಗಿಡುವ ಮುನ್ನ ನೂರು ಸಲ ಯೋಚಿಸಬೇಕು. ಅಲ್ಲಿರುವ ದಾದಿಯರೂ ಸೇರುವ ಮೊದಲು ‘ಸಿಸಿಎನ್ಇ’ ಅಥವಾ ‘ಎಸಿಇಎನ್’ ಎಂಬ ಮಾನ್ಯತಾ ಸಂಸ್ಥೆಗಳ ಮನ್ನಣೆ ಆ ಕಾಲೇಜಿನ ನರ್ಸಿಂಗ್ ವಿಭಾಗಕ್ಕೆ ಇದೆಯೇ ಎಂದು ವಿಚಾರಿಸಬೇಕು. ಅದಿಲ್ಲದ ಪದವಿ ಮುಂದಿನ ಸ್ನಾತಕೋತ್ತರ ವ್ಯಾಸಂಗಕ್ಕೆ ಅಡ್ಡಿಯಾಗುತ್ತದೆ.

ಸೊಸೆ ಆರಿಸಿಕೊಂಡದ್ದು ನೆರೆಯ ಇಂಡಿಯಾನಾ ರಾಜ್ಯದ ಒಂದು ಕ್ರೈಸ್ತ ಕಾಲೇಜನ್ನು. ಶುಲ್ಕ ಅವಳಿಗೆ ನಿಲುಕುವಂತಿತ್ತು, ಮಾನ್ಯತೆಯಿತ್ತು, ರಾತ್ರಿ ಪಾಳಿಯವರಿಗೆ ಅನುಕೂಲವಾದ ವ್ಯವಸ್ಥೆಯಿತ್ತು. ಸುದ್ದಿ ಕೇಳಿ ನನ್ನ ಧರ್ಮಪತ್ನಿಗೆ ಕಳವಳವಾಯಿತು. “ಓದಿಸುವ ನೆಪದಲ್ಲಿ ಮತಾಂತರ ಮಾಡಿಯಾರು. ಕೊರಳಲ್ಲಿ ಲಿಂಗವಿರುವ ಹುಡುಗಿ ಅಲ್ಲಿ ಹೇಗೆ ಓದುತ್ತಾಳೆ?” ಎಂದಳು. ಈ ಭಯವನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಅದು ತಾಯಿಯ ಹೃದಯದಿಂದ ಬಂದದ್ದು. ಆದರೆ ನಮ್ಮ ನಾಡಿನ ಇತಿಹಾಸವನ್ನೂ ಮರೆಯಲಾಗದು. ಗದಗ–ಬೆಟಗೇರಿಯ ಜರ್ಮನ್ ಆಸ್ಪತ್ರೆ, ಮೈಸೂರಿನ ಮಿಷನ್ ಆಸ್ಪತ್ರೆ, ಬೆಂಗಳೂರಿನ ಸೇಂಟ್ ಮಾರ್ಥಾ ಆಸ್ಪತ್ರೆಗಳಲ್ಲಿ ಗುಣ ಹೊಂದಿ ಬಂದ ನಮ್ಮ ಹಿರಿಯರೆಷ್ಟು ಮಂದಿ! 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜು ನರ್ಸಿಂಗ್ ಪದವಿ ತರಗತಿಯನ್ನು ಆರಂಭಿಸಿದಾಗ ದೇಶದಲ್ಲಿ ಅಂಥ ಶಿಕ್ಷಣ ವಿರಳವಾಗಿತ್ತು. ಕುಲೀನ ಮನೆತನಗಳು ಹೆಣ್ಣುಮಕ್ಕಳನ್ನು ಈ ವೃತ್ತಿಗೆ ಕಳುಹಿಸಲು ಹಿಂಜರಿಯುತ್ತಿದ್ದ ಕಾಲದಲ್ಲಿ ಈ ಕೆಲಸಕ್ಕೆ ಗೌರವ ತಂದವರಲ್ಲಿ ಅವರು ಪ್ರಮುಖರು. ಇಂದು ಸುತ್ತೂರು ಮಠದ ಜೆಎಸ್‌ಎಸ್ ಸಂಸ್ಥೆಯು ಮೈಸೂರಿನಲ್ಲಿ ನರ್ಸಿಂಗ್ ಕಾಲೇಜು ನಡೆಸುತ್ತಿರುವುದು ನಮಗೆಲ್ಲ ಸಂತೋಷದ ವಿಷಯ.

ನಾನು ಸೊಸೆಗೆ ಇಷ್ಟೇ ಹೇಳಿದೆ: “ತಾಯೀ, ಸೇರುವ ಮುನ್ನ ಅವರ ನಿಯಮಗಳನ್ನು ಪೂರ್ತಿ ಓದು. ಏನಕ್ಕೆ ಸಹಿ ಹಾಕುತ್ತಿರುವೆ ಎಂಬುದು ನಿನಗೆ ಗೊತ್ತಿರಲಿ.” ಅವಳು ಓದಿದಳು. ಕೆಲವು ಕ್ರೈಸ್ತ ಕಾಲೇಜುಗಳು ವಿದ್ಯಾರ್ಥಿಗಳಿಂದಲೂ ನಂಬಿಕೆಯ ಅಥವಾ ನಡವಳಿಕೆಯ ಪ್ರತಿಜ್ಞೆಯನ್ನು ಪಡೆಯುತ್ತವೆ. ಅನೇಕವು ಎಲ್ಲ ಮತದವರನ್ನೂ ಸೇರಿಸಿಕೊಳ್ಳುತ್ತವೆ. ಅವಳ ಕಾಲೇಜು ಎರಡನೆಯ ಬಗೆಯದು. ಆದರೆ ಬೈಬಲ್ ಕುರಿತ ಒಂದು ಪಾಠಕ್ರಮವೂ ಕ್ರೈಸ್ತ ದೃಷ್ಟಿಯ ನೀತಿಶಾಸ್ತ್ರವೂ ಎಲ್ಲರಿಗೂ ಕಡ್ಡಾಯವಾಗಿದ್ದವು.

ಪದವಿಗೆ ಒಟ್ಟು ಸುಮಾರು 120 ಕ್ರೆಡಿಟ್ ಬೇಕು. ಇಲ್ಲಿಯ ಡಿಪ್ಲೊಮಾದ ಅಂಕಪಟ್ಟಿಯನ್ನು ಪರಿಶೀಲಿಸಿ ಹಿಂದಿನ ಓದಿಗೆ ಮನ್ನಣೆ ಕೊಟ್ಟರು. ಅದಕ್ಕೇ ಕೆಲವು ತಿಂಗಳು ಹಿಡಿಯಿತು. ಉಳಿದ 30 ಕ್ರೆಡಿಟ್‌ಗಳನ್ನು ಹತ್ತು ಪಾಠಕ್ರಮಗಳಾಗಿ, ಒಂದಾದ ಮೇಲೊಂದರಂತೆ, ಒಂದೊಂದನ್ನು ಆರೇಳು ವಾರಗಳಲ್ಲಿ ಮುಗಿಸಬೇಕಾಗಿತ್ತು. ಸಂಖ್ಯಾಶಾಸ್ತ್ರ, ರೋಗಿಯ ತಪಾಸಣೆ, ಸಂಶೋಧನೆಯ ಆಧಾರದ ಮೇಲೆ ಉಪಚಾರ, ಸಮುದಾಯ ಆರೋಗ್ಯ, ಆಡಳಿತ – ಇವು ವಿಷಯಗಳು. ಬುಧವಾರದೊಳಗೆ ಒಂದು ಪ್ರಶ್ನೆಗೆ ಲಿಖಿತ ಉತ್ತರ, ಭಾನುವಾರದೊಳಗೆ ಸಹಪಾಠಿಗಳಿಬ್ಬರ ಉತ್ತರಗಳಿಗೆ ಪ್ರತಿಕ್ರಿಯೆ, ವಾರದ ಕೊನೆಗೆ ಒಂದು ಪ್ರಬಂಧ. ಯಾರ ಮಾತನ್ನು ಎಲ್ಲಿಂದ ತೆಗೆದುಕೊಂಡೆನೆಂದು ನಿಗದಿಯಾದ ಕ್ರಮದಲ್ಲಿ ನಮೂದಿಸದಿದ್ದರೆ ಅಂಕ ಕಡಿತ.

ಸಂಜೆ 7ರಿಂದ ಬೆಳಗಿನ 7ರವರೆಗಿನ ಪಾಳಿ ವಾರಕ್ಕೆ ಮೂರು. ಓದಿಗೆ ವಾರಕ್ಕೆ 15 ಗಂಟೆಗಿಂತ ಕಡಿಮೆ ಸಾಲುತ್ತಿರಲಿಲ್ಲ. ಎರಡನೆಯ ಪಾಠಕ್ರಮದ ನಡುವೆ ಮೊಮ್ಮಗಳಿಗೆ ಜ್ವರ ಬಂತು. ಸೊಸೆ ಒಂದು ಮುಂಜಾನೆ ಸಮವಸ್ತ್ರದಲ್ಲಿಯೇ ಅಡುಗೆಮನೆಯ ಮೇಜಿಗೆ ತಲೆಯಿಟ್ಟು, “ಮಾವನವರೇ, ಇದು ನನ್ನಿಂದಾಗದು. ಬಿಟ್ಟುಬಿಡುತ್ತೇನೆ” ಎಂದಳು. ಆ ದಿನ ಮನೆಯವರೆಲ್ಲ ಕುಳಿತು ಕೆಲಸ ಹಂಚಿಕೊಂಡೆವು. ಅಡುಗೆಯ ಭಾರವನ್ನು ಮಗ ಹೊತ್ತುಕೊಂಡ. ಮಗುವನ್ನು ಶಾಲೆಯ ಬಸ್ಸಿಗೆ ಬಿಡುವುದು, ಕರೆತರುವುದು, ಕನ್ನಡ ಓದಿಸುವುದು ನಮ್ಮ ಪಾಲಿಗೆ ಬಂತು. ಮನೆಯಲ್ಲಿ ಕುಳಿತು ಓದುವ ಪದವಿಯೆಂದರೆ ಮನೆಯವರೆಲ್ಲರೂ ಓದುವ ಪದವಿಯೆಂದೇ ತಿಳಿಯತಕ್ಕದ್ದು. ಖರ್ಚಿನ ಬಹುಭಾಗವನ್ನು ಅವಳ ಆಸ್ಪತ್ರೆಯೇ ಮರುಪಾವತಿ ಮಾಡಿತು. ಉದ್ಯೋಗದಾತರು ಹೀಗೆ ಕೊಡುವ ನೆರವಿಗೆ ವರ್ಷಕ್ಕೆ 5,250 ಡಾಲರ್‌ವರೆಗೆ ಅಲ್ಲಿ ಆದಾಯ ತೆರಿಗೆಯಿಲ್ಲ. ಆದರೆ ಇಂತಿಷ್ಟು ಕಾಲ ಅಲ್ಲಿಯೇ ಕೆಲಸ ಮಾಡಬೇಕೆಂಬ ಕರಾರು ಅದಕ್ಕಿತ್ತು. ಅದನ್ನೂ ಓದಿಯೇ ಒಪ್ಪಬೇಕು.

ಇನ್ನು ಮತದ ವಿಷಯ. ಪ್ರತಿ ವಾರದ ಪಾಠ ಒಂದು ಚಿಕ್ಕ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಅದಕ್ಕೆ ದನಿಗೂಡಿಸಬೇಕೆಂಬ ಒತ್ತಾಯವಿರಲಿಲ್ಲ. ಕಷ್ಟ ಬಂದದ್ದು ನೀತಿಶಾಸ್ತ್ರದ ಪ್ರಬಂಧದಲ್ಲಿ. ಮನುಷ್ಯನ ಘನತೆ ಎಲ್ಲಿಂದ ಬಂತೆಂಬುದನ್ನು ಕ್ರೈಸ್ತ ದೃಷ್ಟಿಯಿಂದ ವಿವರಿಸಿ, ನಿಮ್ಮ ನಿಲುವನ್ನು ತಿಳಿಸಿರಿ ಎಂಬುದು ಪ್ರಶ್ನೆ. ಅವಳು ಎರಡು ದಿನ ಬರೆಯಲಿಲ್ಲ. ಅಂಕಕ್ಕಾಗಿ ನಂಬದುದನ್ನು ನಂಬುತ್ತೇನೆಂದು ಬರೆಯುವುದು ಅವಳಿಗೆ ಸಾಧ್ಯವಿರಲಿಲ್ಲ. ಕೊನೆಗೆ ಮೊದಲ ಭಾಗದಲ್ಲಿ, ಮನುಷ್ಯನು ದೇವರ ಪ್ರತಿರೂಪವಾಗಿ ಸೃಷ್ಟಿಯಾದನೆಂಬ ಅವರ ತತ್ತ್ವವನ್ನು ನಿಷ್ಠೆಯಿಂದ ವಿವರಿಸಿದಳು. ಎರಡನೆಯ ಭಾಗದಲ್ಲಿ, ತಾನು ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜಿಸುವವಳೆಂದೂ ದೇಹವೇ ದೇಗುಲವೆಂದು ಕಲಿತು ಬೆಳೆದವಳೆಂದೂ ಆ ಕಾರಣದಿಂದ ರೋಗಿಯ ದೇಹವನ್ನು ಮುಟ್ಟುವಾಗ ಗುಡಿಯ ಹೊಸ್ತಿಲು ಮುಟ್ಟಿದಂತೆ ಮುಟ್ಟುತ್ತೇನೆಂದೂ ಬರೆದಳು. ಅವರದನ್ನು ಅವರದೆಂದು, ತನ್ನದನ್ನು ತನ್ನದೆಂದು ಬೇರೆಬೇರೆಯಾಗಿಯೇ ಹೇಳಿದಳು. ಅಧ್ಯಾಪಿಕೆ ಒಳ್ಳೆಯ ಅಂಕವನ್ನಿತ್ತು, ‘ನಿಮ್ಮಿಂದ ನಾನೂ ಕಲಿತೆ’ ಎಂದು ಕೆಳಗೆ ಬರೆದಿದ್ದರು. ಅದನ್ನು ಓದಿಸಿ ಕೇಳಿದ ನನ್ನ ಧರ್ಮಪತ್ನಿ ಮಾತನಾಡದೆ ಸೊಸೆಯ ತಲೆ ಸವರಿದಳು. ಎಲ್ಲ ಅಧ್ಯಾಪಕರೂ ಹೀಗೆಯೇ ಇರುವರೆಂದು ನಾನು ಭರವಸೆ ಕೊಡಲಾರೆ. ಆದರೆ ತನ್ನ ಧರ್ಮವನ್ನು ಅರಿತು ಹೇಳಬಲ್ಲವರಿಗೆ ಅಂಜಿಕೆ ಕಡಿಮೆ. ಅರಿಯದೆ ಹೋದವರಿಗೆ ಯಾವ ಕಾಲೇಜಿನಲ್ಲಿಯೂ ಕಷ್ಟವೇ.

ಅದೇ ಕಾಲೇಜಿನಲ್ಲಿ ಅವಳು ಕಲಿತ ಇನ್ನೊಂದು ಪಾಠವನ್ನು ಹೇಳಲೇಬೇಕು. ಕ್ರಿಸ್ಟಿನಾ ಪುಚಾಲ್ಸ್ಕಿ ಎಂಬ ವೈದ್ಯೆ 1996ರಲ್ಲಿ ರೂಪಿಸಿದ ಪ್ರಶ್ನಾಕ್ರಮವೊಂದಿದೆ. ರೋಗಿಯನ್ನು ನಾಲ್ಕು ವಿಷಯ ಕೇಳಬೇಕು: ನಿಮಗೆ ಬಲ ಕೊಡುವ ನಂಬಿಕೆ ಯಾವುದು? ಅದು ನಿಮ್ಮ ಬಾಳಿನಲ್ಲಿ ಎಷ್ಟು ಮುಖ್ಯ? ನಿಮ್ಮ ಜೊತೆಗಿರುವ ಸಮುದಾಯ ಯಾವುದು? ಈ ವಿಷಯದಲ್ಲಿ ನಾವೇನು ಮಾಡಬೇಕು? ಒಂದು ರಾತ್ರಿ, ಊಟ ಔಷಧ ಎರಡನ್ನೂ ನಿರಾಕರಿಸಿ ಗೋಡೆಗೆ ಮುಖಮಾಡಿ ಮಲಗಿದ್ದ ಒಬ್ಬ ಮುದುಕರನ್ನು ಅವಳು ಇವನ್ನು ಕೇಳಿದಳಂತೆ. ಪತ್ನಿ ತೀರಿಕೊಂಡ ಮೇಲೆ ತಾವು ಚರ್ಚಿಗೆ ಹೋಗಿಲ್ಲವೆಂದು ಅವರು ಬಹಳ ಹೊತ್ತಿನ ಮೇಲೆ ಹೇಳಿದರು. ಅವಳು ಉಪದೇಶ ಮಾಡಲಿಲ್ಲ; ಕೇಳುತ್ತ ಕುಳಿತಳು; ಬೆಳಗ್ಗೆ ಆಸ್ಪತ್ರೆಯ ಪಾದ್ರಿಯವರನ್ನು ಕರೆಸಿದಳು. ಮಧ್ಯಾಹ್ನ ಆ ಮುದುಕರು ಗಂಜಿ ಕುಡಿದರು. ಲಿಂಗಧಾರಿಣಿಯೊಬ್ಬಳು ಕ್ರೈಸ್ತ ರೋಗಿಗೆ ಅವರ ದೇವರ ದಾರಿಯನ್ನು ಸುಗಮಗೊಳಿಸಿದಳು. ಕಾಯಕವೆಂದರೆ ಇದಲ್ಲದೆ ಬೇರೇನು?

ಕೊನೆಯ ಪಾಠಕ್ರಮಕ್ಕಾಗಿ ಸಮುದಾಯದಲ್ಲಿ ಒಂದು ಆರೋಗ್ಯಕಾರ್ಯ ಮಾಡಬೇಕಾಗಿತ್ತು. ಅವಳು ಅಲ್ಲಿಯ ಕನ್ನಡ ಹಿರಿಯರ ರಕ್ತದೊತ್ತಡವನ್ನು ಅಳೆದು, ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳಲ್ಲಿ ಅಡಗಿರುವ ಉಪ್ಪಿನ ವಿಷಯ ತಿಳಿಸಿದಳು. ಅಂದಿನಿಂದ ನನ್ನ ತಟ್ಟೆಯಲ್ಲಿ ಹಪ್ಪಳ ಹಬ್ಬಕ್ಕೊಂದು ಮಾತ್ರ. ಒಂದೂವರೆ ವರ್ಷದಲ್ಲಿ ಪದವಿ ಮುಗಿಯಿತು.

ಆದ್ದರಿಂದ ನನ್ನ ಬಂಧುಗಳಲ್ಲಿ ವಿನಂತಿಯಿಷ್ಟೆ. ಹೆಣ್ಣುಮಕ್ಕಳು ದೂರದ ಕಾಲೇಜಿಗೆ ಸೇರುವಾಗ ಮಾನ್ಯತೆಯನ್ನು ವಿಚಾರಿಸಿರಿ, ಕರಾರನ್ನು ಓದಿಸಿರಿ, ಮನೆಗೆಲಸವನ್ನು ಹಂಚಿಕೊಳ್ಳಿರಿ. ಅದಕ್ಕೂ ಮೊದಲು, ನಮ್ಮ ಧರ್ಮದ ತಿರುಳನ್ನು ಸ್ವಂತ ಮಾತಿನಲ್ಲಿ ಹೇಳಬಲ್ಲಷ್ಟು ಅವರಿಗೆ ಕಲಿಸಿರಿ. ಅಷ್ಟಾದರೆ ಅವರು ಯಾರ ಮನೆಯ ದೀಪದಲ್ಲಿ ಓದಿದರೂ ಆ ಬೆಳಕು ನೊಂದವರ ಹಾಸಿಗೆಯ ಬಳಿ ಬೆಳಗುತ್ತದೆ.