ಹೋಗಿ ಬರುವ ಬರಹ

ಪ್ರೋಗ್ರಾಮಿಂಗ್ ಬಲ್ಲವರು ಮೆಚ್ಚಿ ಮಾತನಾಡುವ ಕೆಲಸಗಳ ಸಾಲಿನಲ್ಲಿ, ವಸ್ತುವನ್ನು ಪಠ್ಯವಾಗಿ ಬರೆದಿಡುವ ಕೆಲಸಕ್ಕೆ ಸಾಮಾನ್ಯವಾಗಿ ಕೊನೆಯ ಮಣೆ. ಆದರೆ ಒಮ್ಮೆ ಅದರ ರುಚಿ ಹತ್ತಿದವರಿಗೆ ಅಷ್ಟು ಸೂಕ್ಷ್ಮವೂ ಸ್ವಾರಸ್ಯಕರವೂ ಆದ ಕಸುಬು ಮತ್ತೊಂದಿಲ್ಲವೆನಿಸುತ್ತದೆ. ಪ್ರೋಗ್ರಾಮ್ ಓಡುತ್ತಿರುವಾಗ ದಿನಾಂಕ, ಪಟ್ಟಿ, ಕೋಷ್ಟಕ ಇವೆಲ್ಲ ಕಂಪ್ಯೂಟರಿನ ಮೆಮೊರಿಯಲ್ಲಿ ಒಂದರ ವಿಳಾಸ ಇನ್ನೊಂದರಲ್ಲಿ ಅಡಗಿರುವ ಜಾಲದಂತೆ ಇರುತ್ತವೆ. ಇಂತಹ ಒಂದೊಂದು ರಚನೆಯನ್ನೂ ಆಬ್ಜೆಕ್ಟ್, ಅಂದರೆ ವಸ್ತು, ಎನ್ನುತ್ತಾರೆ. ಪ್ರೋಗ್ರಾಮ್ ನಿಂತೊಡನೆ ಈ ಜಾಲವೂ ಅಳಿಯುವುದರಿಂದ, ಅದನ್ನು ಕಡತದಲ್ಲಿ ಉಳಿಸಲು ಅಥವಾ ಬೇರೊಂದು ಯಂತ್ರಕ್ಕೆ ಕಳಿಸಲು ಒಂದರ ಹಿಂದೊಂದು ನಿಲ್ಲುವ ಸಂಕೇತಗಳ ಸಾಲಾಗಿ ಬಿಡಿಸಬೇಕಾಗುತ್ತದೆ. ಸೀರಿಯಲೈಸೇಷನ್ ಎಂದರೆ ಇದೇ. ಬೇಸಿಗೆಯಲ್ಲಿ ಒಣಗಿಸಿ ಡಬ್ಬಿಗೆ ತುಂಬಿದ ಸಂಡಿಗೆ ಮಳೆಗಾಲದಲ್ಲಿ ಎಣ್ಣೆಗೆ ಬಿದ್ದು ಅರಳುತ್ತದೆಯೇ ಹೊರತು ಮತ್ತೆ ಹಿಟ್ಟಾಗುವುದಿಲ್ಲ. ಈ ಕಸುಬಿನಲ್ಲಾದರೋ ಒಣಗಿದ್ದು ಮರಳಿ ಹಿಟ್ಟೇ ಆಗಬೇಕು, ಅದೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ.

ಪೈಥಾನ್ ಭಾಷೆ ಪ್ರತಿಯೊಂದು ವಸ್ತುವಿಗೂ ಎರಡು ಬಗೆಯ ಪಠ್ಯರೂಪಗಳನ್ನು ಒದಗಿಸಿದೆ. ಮನುಷ್ಯರ ಕಣ್ಣಿಗೆ ಹಿತವಾಗಿ ಕಾಣಲೆಂದು ಇರುವುದು ಒಂದು. ವಸ್ತು ನಿಜವಾಗಿ ಏನೆಂಬುದನ್ನು ಸಂದಿಗ್ಧವಿಲ್ಲದೆ ಹೇಳಲೆಂದು ಇರುವುದು ಇನ್ನೊಂದು, ಇದನ್ನು ರೆಪ್ರ್ ಎಂದು ಕರೆಯುತ್ತಾರೆ. ಐದು ಎಂಬ ಸಂಖ್ಯೆಯೂ 5 ಎಂಬ ಅಂಕಿಯನ್ನು ಹೊತ್ತ ಒಂದಕ್ಷರದ ಪಠ್ಯವೂ ಮೊದಲ ರೂಪದಲ್ಲಿ ಅವಳಿಗಳಂತೆ ಕಾಣುತ್ತವೆ. ರೆಪ್ರ್ ಮಾತ್ರ ಪಠ್ಯದ ಎರಡೂ ಬದಿಗೆ ಉದ್ಧರಣ ಚಿಹ್ನೆಗಳನ್ನಿಟ್ಟು ಅವುಗಳ ಜಾತಿಯನ್ನು ಬಯಲು ಮಾಡುತ್ತದೆ. ಸಾಧ್ಯವಾದಲ್ಲೆಲ್ಲ ಈ ಎರಡನೆಯ ರೂಪವನ್ನು ಪ್ರೋಗ್ರಾಮಿನೊಳಗೆ ಮತ್ತೆ ಬರೆದರೆ ಅದೇ ಬೆಲೆಯ ವಸ್ತು ಹುಟ್ಟುವಂತಿರಬೇಕು, ಅದು ಸಾಧ್ಯವಿಲ್ಲದಿದ್ದರೆ ಕೋನಾವರಣದೊಳಗೆ ವಸ್ತುವಿನ ಬಗೆಯನ್ನಷ್ಟೇ ತಿಳಿಸಬೇಕು ಎಂಬುದು ಆ ಭಾಷೆಯ ಹಳೆಯ ಸಂಪ್ರದಾಯ. ಆ ಕೋನಾವರಣದಲ್ಲೊಂದು ಪ್ರಾಮಾಣಿಕತೆಯಿದೆ: ಇದನ್ನು ಓದಬಹುದು, ಇದರಿಂದ ವಸ್ತುವನ್ನು ಮರಳಿ ಕಟ್ಟಲಾಗದು ಎಂದು ಅದು ಮೊದಲೇ ಸಾರಿಬಿಡುತ್ತದೆ.

ಈ ಹೋಗಿ ಬರುವ ಗುಣ ಎಷ್ಟು ಕಷ್ಟದ್ದೆಂಬುದು ದಶಮಾಂಶ ಸಂಖ್ಯೆಯಂಥ ಸಾಧಾರಣ ವಸ್ತುವಿನಲ್ಲಿಯೇ ಕಾಣುತ್ತದೆ. ಹತ್ತನೆಯ ಒಂದು ಭಾಗವಾದ 0.1 ದ್ವಿಮಾನ ಪದ್ಧತಿಯಲ್ಲಿ ಮುಗಿಯದ ಭಿನ್ನರಾಶಿಯಾದ್ದರಿಂದ, ಕಂಪ್ಯೂಟರು ಅದರ ಅತಿ ಸಮೀಪದ ಸಂಖ್ಯೆಯೊಂದನ್ನು 53 ಬಿಟ್‌ಗಳ ನಿಖರತೆಯಲ್ಲಿ ಹಿಡಿದಿಡುತ್ತದೆ. ಹದಿನೇಳು ಸಾರ್ಥಕ ಅಂಕಿಗಳನ್ನು ಬರೆದರೆ ಇಂತಹ ಯಾವ ಸಂಖ್ಯೆಯೂ ತಪ್ಪದೆ ಮರಳುತ್ತದೆಂಬುದು ನಿಜವೇ. ಆದರೆ ಹಾಗೆ ಬರೆಯುತ್ತಿದ್ದ ಹಳೆಯ ಪೈಥಾನ್ 0.1 ಎಂದು ಕೊಟ್ಟದ್ದನ್ನು 0.10000000000000001 ಎಂದು ತೋರಿಸಿ ಹೊಸಬರನ್ನು ಬೆಚ್ಚಿಬೀಳಿಸುತ್ತಿತ್ತು. ಮರಳಿ ಓದಿದಾಗ ಅದೇ ಸಂಖ್ಯೆಯನ್ನು ಕೊಡುವ ಅತಿ ಚಿಕ್ಕ ಬರಹವನ್ನು ಹುಡುಕುವುದು ಇದಕ್ಕೆ ಸೊಗಸಾದ ಪರಿಹಾರ. ಗೈ ಸ್ಟೀಲ್ ಮತ್ತು ಜಾನ್ ವೈಟ್ 1990ರಲ್ಲಿ ಪ್ರಕಟಿಸಿದ ಪ್ರಬಂಧವೂ ಅದೇ ವರ್ಷ ಡೇವಿಡ್ ಗೇ ರೂಪಿಸಿದ ವಿಧಾನವೂ ಈ ಹಾದಿಯನ್ನು ಗಟ್ಟಿಗೊಳಿಸಿದವು. 2009ರಲ್ಲಿ ಬಂದ ಪೈಥಾನ್ 3.1 ಗೇ ಅವರ ವಿಧಾನವನ್ನು ಅಳವಡಿಸಿಕೊಂಡ ಮೇಲೆ 0.1 ಮತ್ತೆ 0.1 ಆಗಿಯೇ ಕಾಣತೊಡಗಿತು. ಕಣ್ಣಿಗೂ ಯಂತ್ರಕ್ಕೂ ಒಂದೇ ಬರಹ ಒಪ್ಪಿಗೆಯಾಗುವ ಇಂತಹ ಗಳಿಗೆಗಳಿಗಾಗಿಯೇ ಈ ಕಸುಬಿನವರು ಕಾಯುತ್ತಿರುತ್ತಾರೆ.

ಒಂಟಿ ಸಂಖ್ಯೆಯಿಂದ ಕೋಷ್ಟಕಕ್ಕೆ ಬಂದಾಗ ತೊಡಕುಗಳೂ ಸ್ವಾರಸ್ಯವೂ ಒಟ್ಟಿಗೆ ಬೆಳೆಯುತ್ತವೆ. ವೆಸ್ ಮೆಕಿನ್ನಿ 2008ರಲ್ಲಿ ಕಟ್ಟಲಾರಂಭಿಸಿದ ಪಾಂಡಾಸ್ ಎಂಬ ದತ್ತಾಂಶ ಲೈಬ್ರರಿ ಕೋಷ್ಟಕವನ್ನು, ಅಂಕಣ ಅಂಕಣವನ್ನು ಅಲ್ಪವಿರಾಮದಿಂದ ಬೇರ್ಪಡಿಸುವ ಸಿಎಸ್‌ವಿ ಎಂಬ ಸರಳ ಪಠ್ಯವಾಗಿ ಒಂದೇ ಆಜ್ಞೆಯಲ್ಲಿ ಬರೆದುಬಿಡುತ್ತದೆ. ಸಿಎಸ್‌ವಿ ಬೆಲೆಗಳನ್ನು ಹೊತ್ತೊಯ್ಯುತ್ತದೆಯೇ ಹೊರತು ಅವುಗಳ ಬಗೆಯನ್ನಲ್ಲ. ಆದ್ದರಿಂದ ಮರಳಿ ಓದುವಾಗ ಲೈಬ್ರರಿಯು ಪ್ರತಿ ಅಂಕಣದ ಜಾತಿಯನ್ನು ಊಹಿಸಬೇಕಾಗುತ್ತದೆ. ಬೆಂಗಳೂರಿನ ಎಸ್‌ಟಿಡಿ ಕೋಡ್ ಆದ 080 ಸಂಖ್ಯೆಯೆಂದು ಎಣಿಸಲ್ಪಟ್ಟು 80 ಆಗಿ ಮರಳುತ್ತದೆ. ನಮೀಬಿಯಾ ದೇಶದ ಎರಡಕ್ಷರದ ಸಂಕೇತವಾದ ಎನ್‌ಎ, ಮಾಹಿತಿ ಲಭ್ಯವಿಲ್ಲ ಎಂಬುದರ ಗುರುತಿನಂತೆಯೇ ಇರುವುದರಿಂದ, ಒಂದು ಇಡೀ ದೇಶ ಖಾಲಿ ಮನೆಯಾಗಿ ಮರಳುತ್ತದೆ. ಓದುವ ಆಜ್ಞೆಯಲ್ಲಿ ಅಂಕಣಗಳ ಬಗೆಯನ್ನು ಸ್ಪಷ್ಟವಾಗಿ ಹೇಳಿ, ಖಾಲಿಯೆಂದು ಯಾವುದನ್ನು ಎಣಿಸಬೇಕೆಂಬುದನ್ನೂ ನಿಗದಿಪಡಿಸಿದರೆ ಎರಡೂ ಉಳಿಯುತ್ತವೆ.

ಕೋಷ್ಟಕದ ಒಂದು ಮನೆಯೊಳಗೇ ಇನ್ನೊಂದು ರಚನೆ ಕುಳಿತಿದ್ದರೆ ಆಟ ಇನ್ನೂ ಸೂಕ್ಷ್ಮವಾಗುತ್ತದೆ. ಮನೆಯಲ್ಲಿ ಸಾಮಾನ್ಯ ಪಟ್ಟಿಯಿದ್ದರೆ ಅದು ಚೌಕಾವರಣಗಳ ಸಮೇತ ಪಠ್ಯವಾಗಿ ಹೋಗಿ ಪಠ್ಯವಾಗಿಯೇ ಮರಳುತ್ತದೆ, ಅದನ್ನು ಪಟ್ಟಿಯಾಗಿಸುವ ಹೊಣೆ ಓದುವವರದು. ಸಂಖ್ಯಾಲೆಕ್ಕಕ್ಕೆ ಬಳಸುವ ನಮ್‌ಪೈ ಲೈಬ್ರರಿಯ ಸರಣಿಯಿದ್ದರೆ ನಡುವಿನ ಅಲ್ಪವಿರಾಮಗಳು ಇಲ್ಲವಾಗುತ್ತವೆ. ಸರಣಿಯ ಅಂಶಗಳು ಸಾವಿರವನ್ನು ಮೀರಿದ್ದರಂತೂ, ತೆರೆಯ ಮೇಲೆ ಮಿತವಾಗಿ ಕಾಣಲೆಂದು ಮಾಡಿದ ಸಂಕ್ಷಿಪ್ತ ರೂಪವೇ ಕಡತಕ್ಕೂ ಹೋಗಿ, ಮೊದಲ ಮೂರು ಮತ್ತು ಕೊನೆಯ ಮೂರು ಅಂಶಗಳ ನಡುವೆ ಮೂರು ಚುಕ್ಕಿಗಳಷ್ಟೇ ಉಳಿಯುತ್ತವೆ. 2024ರಲ್ಲಿ ಬಂದ ನಮ್‌ಪೈ 2.0 ಒಂಟಿ ಸಂಖ್ಯೆಗಳ ರೆಪ್ರ್‌ನಲ್ಲಿ ಅವುಗಳ ಬಗೆಯ ಹೆಸರನ್ನೂ ಸೇರಿಸಿತು. ಇದರಿಂದ ಬರಹ ಹೆಚ್ಚು ಸತ್ಯವಾಯಿತಾದರೂ, ಹಳೆಯ ರೂಪವನ್ನು ನಂಬಿ ಪಠ್ಯ ಬಿಡಿಸುತ್ತಿದ್ದ ಪ್ರೋಗ್ರಾಮುಗಳು ಎಡವಿದವು. ನೋಡಲೆಂದು ಬರೆದ ರೂಪವನ್ನು ಉಳಿಸಲೆಂದು ಬಳಸಬಾರದೆಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉದಾಹರಣೆ ಸಿಗುವುದು ಕಷ್ಟ.

ಇದಕ್ಕೆ ತಿರುಗಾಮುರುಗಾ ಆದ ಸಂಗತಿ ಕನ್ನಡ ಪಠ್ಯದಲ್ಲಿ ಎದುರಾಗುತ್ತದೆ. ಹೆಸರು ಮತ್ತು ಬೆಲೆಗಳ ಜೋಡಿಗಳಾಗಿ ಮಾಹಿತಿಯನ್ನು ಬರೆಯುವ ಜೆಸಾನ್ ಎಂಬ ಪದ್ಧತಿಗೆ ಪೈಥಾನ್ ಕನ್ನಡವನ್ನು ಒಪ್ಪಿಸುವಾಗ, ಬೇರೆ ಹೇಳದಿದ್ದರೆ ಪ್ರತಿ ಅಕ್ಷರಭಾಗಕ್ಕೂ ಅದರ ಯುನಿಕೋಡ್ ಸಂಕೇತಾಂಕವನ್ನು ಆರು ಚಿಹ್ನೆಗಳಲ್ಲಿ ಬರೆಯುತ್ತದೆ. ಮರಳಿ ಓದಿದಾಗ ಒಂದು ಒತ್ತಕ್ಷರವೂ ಕಳೆದಿರುವುದಿಲ್ಲ. ಆದರೆ ಕಡತವನ್ನು ತೆರೆದ ಕನ್ನಡಿಗನಿಗೆ ತನ್ನದೇ ಊರಿನ ಹೆಸರು ಗುರುತು ಸಿಗುವುದಿಲ್ಲ. ಒಂದೇ ಒಂದು ಸೂಚನೆಯಿಂದ ಕನ್ನಡವನ್ನು ಕನ್ನಡವಾಗಿಯೇ ಬರೆಯಿಸಬಹುದು, ಆಗ ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಅಕ್ಷರಭಾಗವೊಂದಕ್ಕೆ ಮೂರೇ ಬೈಟುಗಳು ಸಾಕಾಗಿ ಕಡತವೂ ಚಿಕ್ಕದಾಗುತ್ತದೆ.

ಇಷ್ಟೆಲ್ಲ ತೊಡಕಿದ್ದರೆ ಪಠ್ಯವೇ ಏಕೆ ಎಂಬ ಪ್ರಶ್ನೆ ಸಹಜ. ಪೈಥಾನಿನದೇ ಪಿಕಲ್ ಎಂಬ ವಿಧಾನ ಬಹುತೇಕ ಯಾವ ವಸ್ತುವನ್ನಾದರೂ ಬೈಟುಗಳಾಗಿ ಕಟ್ಟಿ, ಬಗೆಯ ಸಮೇತ ಮರಳಿ ಕೊಡುತ್ತದೆ. ಆದರೆ ಆ ಬೈಟುಗಳಲ್ಲಿ ಆಜ್ಞೆಗಳೂ ಅಡಗಿರಬಹುದಾದ್ದರಿಂದ ನಂಬಿಕೆಯಿಲ್ಲದ ಮೂಲದ ಪಿಕಲ್ ಕಡತವನ್ನು ತೆರೆಯಬಾರದೆಂದು ಆ ಭಾಷೆಯ ಕೈಪಿಡಿಯೇ ಎಚ್ಚರಿಸುತ್ತದೆ. ಬಂದ ಪಠ್ಯವನ್ನು ಪ್ರೋಗ್ರಾಮಿನಂತೆ ನಡೆಸಿ ವಸ್ತುವನ್ನು ಪಡೆಯುವ ಇವಾಲ್ ಎಂಬ ಸೌಲಭ್ಯಕ್ಕೂ ಇದೇ ಅಪಾಯವಿದೆ. ಸಂಖ್ಯೆ, ಪಠ್ಯ, ಪಟ್ಟಿಗಳಂಥ ಅಕ್ಷರಶಃ ಬರೆದ ಬೆಲೆಗಳನ್ನಷ್ಟೇ ಒಪ್ಪುವ ಲಿಟರಲ್ ಇವಾಲ್ ಅದಕ್ಕಿಂತ ಕ್ಷೇಮಕರ. ಪಠ್ಯವನ್ನಾದರೋ ಯಾವ ಸಾಧಾರಣ ಎಡಿಟರಿನಲ್ಲಿಯೂ ತೆರೆದು ಓದಬಹುದು, ನಿನ್ನೆಯ ಮತ್ತು ಇಂದಿನ ಪ್ರತಿಗಳನ್ನು ಸಾಲುಸಾಲಾಗಿ ಹೋಲಿಸಬಹುದು, ಬರೆದ ಲೈಬ್ರರಿ ಬಳಕೆ ತಪ್ಪಿದ ಮೇಲೂ ಅರ್ಥ ಬಿಡಿಸಬಹುದು.

ಬರೆಯುವ ಮತ್ತು ಓದುವ ಎರಡು ಫಂಕ್ಷನ್‌ಗಳನ್ನು ಜೋಡಿಯಾಗಿ ರಚಿಸಿ, ಬರೆದು ಓದಿದ್ದು ಮೂಲಕ್ಕೆ ಸಮವೇ ಎಂದು ಪರೀಕ್ಷಿಸುವಲ್ಲಿ ಈ ಕಸುಬಿನ ಆನಂದವೆಲ್ಲ ಒಂದೆಡೆ ಕೂಡುತ್ತದೆ. ಆ ಪರೀಕ್ಷೆಯಲ್ಲೂ ಒಂದು ಚೇಷ್ಟೆಯಿದೆ: ಸಂಖ್ಯೆಯಲ್ಲ ಎಂಬುದನ್ನು ಸೂಚಿಸುವ ನ್ಯಾನ್ ಎಂಬ ವಿಶೇಷ ಬೆಲೆ, ನಿಯಮದ ಪ್ರಕಾರ ತನಗೆ ತಾನೇ ಸಮವಲ್ಲ, ಆದ್ದರಿಂದ ಎಲ್ಲವೂ ಸರಿಯಾಗಿ ಮರಳಿದ್ದರೂ ಸಾಮಾನ್ಯ ಹೋಲಿಕೆ ಸೋಲುತ್ತದೆ, ಒಂದೇ ಸ್ಥಾನದ ನ್ಯಾನ್‌ಗಳನ್ನು ಸಮವೆಂದೇ ಎಣಿಸುವ ಹೋಲಿಕೆ ಬೇಕಾಗುತ್ತದೆ. ಹೀಗೆ ಸಮ ಎಂದರೇನೆಂದು ಯೋಚಿಸತೊಡಗಿದವರು ವಸ್ತುವಿನಲ್ಲಿ ಉಳಿಯಬೇಕಾದದ್ದೇನು, ಬಿಟ್ಟರೂ ನಡೆಯುವುದೇನು ಎಂಬ ವಿವೇಚನೆಗೆ ಬಂದು ನಿಲ್ಲುತ್ತಾರೆ: ಸಾಲುಗಳ ಕ್ರಮ ಮುಖ್ಯವೇ, ದಿನಾಂಕದ ಕಾಲವಲಯ ಬೇಕೇ, ಅಂಕಣಗಳ ಬಗೆಯನ್ನು ಬೆಲೆಗಳ ಪಕ್ಕದಲ್ಲೇ ಬರೆದಿಡಬೇಕೇ. ಈ ಪ್ರಶ್ನೆಗಳಿಗೆ ಲೈಬ್ರರಿ ಉತ್ತರಿಸುವುದಿಲ್ಲ. ಬಿಡುವುದನ್ನು ತಿಳಿದೇ ಬಿಟ್ಟ, ಉಳಿಸುವುದನ್ನು ಹೆಸರಿಸಿ ಉಳಿಸಿದ ಪಠ್ಯವನ್ನು ಬರೆಯುವುದು ಅದನ್ನು ಬಳಸುವವರ ಕುಶಲತೆಗೇ ಸೇರಿದ್ದು.