ರೇಷ್ಮೆಯ ಊರು, ಹಡಗಿನ ಚಿತ್ತಾರ

ಮೈಸೂರಿನಿಂದ ತಿ. ನರಸೀಪುರ ದಾಟಿ ಬಸ್ಸು ಕೊಳ್ಳೇಗಾಲದ ಕಡೆ ಹೊರಟರೆ ನಿಮಗೆ ಕಾಣುವುದು ಗದ್ದೆ, ಕಬ್ಬು, ತೆಂಗು. ಸಮುದ್ರ ಇಲ್ಲಿಂದ ಬಹು ದೂರ. ಇಂಥ ಊರಿನ ಬಗ್ಗೆ ಬರೆಯುವಾಗ ಹಡಗಿನ ಮಾತೇಕೆ ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿರಲಿ ಸಹೋದರಿಯರೇ, ಅಲ್ಲಿಗೇ ಬರುತ್ತೇನೆ.

ಕೊಳ್ಳೇಗಾಲ ಎಂದರೆ ರೇಷ್ಮೆ. ದೇವಾಂಗ ನೇಕಾರರ ಮಗ್ಗಗಳಿಂದ ಬಂದ ಇಲ್ಲಿನ ಸೀರೆಗಳು ಎಷ್ಟೋ ಮನೆಗಳ ಮದುವೆ ಪೆಟ್ಟಿಗೆ ಸೇರಿವೆ. ಆದರೆ ಸೀರೆ ನೋಡುವ ಮೊದಲು ಹುಳು ಸಾಕುವ ಒಂದು ಮನೆಯನ್ನು ನೋಡಿ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಎಂದರೆ ಪೊರೆ ಬಿಡುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಅದರ ಹಸಿವಿಗೆ ಮಿತಿಯಿಲ್ಲ. ಆಗ ಮನೆಯ ಹೆಂಗಸರಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಸೊಪ್ಪು ಹಾಕುತ್ತಲೇ ಇರಬೇಕು. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವುದೂ ಹೆಚ್ಚಾಗಿ ಅವರ ಕೈಯೇ. ಗೂಡಿನಿಂದ ನೂಲು ಬಿಚ್ಚುವ ಕಡೆ ಕುದಿನೀರಿನಲ್ಲಿ ಬೆರಳಾಡಿಸುವವರಲ್ಲಿಯೂ ಹೆಂಗಸರೇ ಬಹಳ. ರಾಮನಗರ, ಶಿಡ್ಲಘಟ್ಟಗಳಲ್ಲಿ ಈ ಕಸುಬಿನಿಂದ ಬದುಕುವ ಮುಸ್ಲಿಂ ಮನೆಗಳು ಎಷ್ಟೋ. ಆ ಬೇಯುವ ಗೂಡಿನ ವಾಸನೆಯನ್ನು ಒಮ್ಮೆ ಕುಡಿದರೆ ಸೀರೆಯ ಬೆಲೆ ಹೆಚ್ಚಾಯಿತೆಂದು ಯಾರೂ ಗೊಣಗಲಾರರು.

ಮೈಸೂರು ಸೀಮೆಯಲ್ಲಿ ಈ ಹುಳುವನ್ನು ಬೆಳೆಸಲು ಹೊರಟವನು ಟಿಪ್ಪು ಸುಲ್ತಾನ. 1780ರ ದಶಕದಲ್ಲಿ ಬಂಗಾಳಕ್ಕೆ ಜನರನ್ನು ಕಳುಹಿಸಿ ಹುಳು ತರಿಸಿದ. ಮಸ್ಕತ್ತಿನಲ್ಲಿದ್ದ ತನ್ನ ದರೋಗಾನಿಗೂ, ಹುಳುಗಳನ್ನು ಮತ್ತು ಅವನ್ನು ಸಾಕಬಲ್ಲವರನ್ನು ಕಳುಹಿಸು ಎಂದು ಪತ್ರ ಬರೆಸಿದ. ಅದೇ ಸುಲ್ತಾನ 1796ರಲ್ಲಿ ಯುದ್ಧ ಹಡಗುಗಳ ಪಡೆ ಕಟ್ಟಲು ಹುಕುಂ ಹೊರಡಿಸಿದ. ಹಡಗಿನ ಕನಸು 1799ರಲ್ಲಿ ಶ್ರೀರಂಗಪಟ್ಟಣದೊಂದಿಗೆ ಮುಗಿಯಿತು. ಹುಳು ಉಳಿಯಿತು. ಕೊಳ್ಳೇಗಾಲ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿ, 1956ರವರೆಗೂ ಮದರಾಸಿನ ಆಡಳಿತದಲ್ಲಿತ್ತು. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಮೈಸೂರಿನಲ್ಲೇ ಉಳಿಯಿತು. ಈಗ ಎರಡೂ ಚಾಮರಾಜನಗರ ಜಿಲ್ಲೆಯಲ್ಲಿವೆ.

ಇನ್ನು ಹಡಗಿನ ಮಾತು. ರೇಷ್ಮೆಯ ನೂಲಿನಲ್ಲಿ ಯುದ್ಧನೌಕೆಗಳ ಚಿತ್ರ ಕಸೂತಿ ಮಾಡಿದ ಹಳೆಯ ಬಟ್ಟೆಗಳನ್ನು ಸಂಗ್ರಹಿಸುವವರು ಹೊರದೇಶಗಳಲ್ಲಿದ್ದಾರೆ. ನೂರು ವರ್ಷಗಳ ಹಿಂದೆ ಜಪಾನಿನ ಯೊಕೊಹಾಮಾ, ಚೀನಾ ತೀರದ ಹಾಂಗ್‌ಕಾಂಗ್‌ನಂಥ ಬಂದರುಗಳಲ್ಲಿ ಇಳಿದ ನಾವಿಕರು ಇವನ್ನು ಮಾಡಿಸಿಕೊಂಡು ಊರಿಗೆ ಒಯ್ಯುತ್ತಿದ್ದರು. 1908ರ ಅಕ್ಟೋಬರಿನಲ್ಲಿ ಅಮೆರಿಕದ 16 ಯುದ್ಧನೌಕೆಗಳು ಒಟ್ಟಿಗೆ ಯೊಕೊಹಾಮಾಕ್ಕೆ ಬಂದಿದ್ದವು. ಕಸೂತಿ ಅಂಗಡಿಯವರಿಗೆ ಅಂದು ಎಷ್ಟು ಕೆಲಸವಿದ್ದಿರಬಹುದು, ನೀವೇ ಊಹಿಸಿ! ಬಟ್ಟೆಯ ಮೇಲೆ ಹಡಗು, ಸುತ್ತ ಬಾವುಟಗಳು, ನಾವಿಕನ ಫೋಟೋ ಕೂರಿಸಲು ಒಂದು ಖಾಲಿ ಜಾಗ. ಬಾವುಟದ ನಕ್ಷತ್ರ ಎಣಿಸಿ ಕಾಲ ಅಂದಾಜು ಮಾಡುತ್ತಾರೆ: 45 ಇದ್ದರೆ 1896ರಿಂದ 1908, 46 ಇದ್ದರೆ 1912ರವರೆಗೆ, 48 ಇದ್ದರೆ ಅದರ ನಂತರದ್ದು. ಬ್ರಿಟಿಷ್ ನಾವಿಕರಂತೂ ಹತ್ತೊಂಬತ್ತನೇ ಶತಮಾನದಲ್ಲಿ ತಮ್ಮ ಹಡಗನ್ನು ಉಣ್ಣೆ ನೂಲಿನಲ್ಲಿ ತಾವೇ ಹೊಲಿಯುತ್ತಿದ್ದರು. ಹಾಯಿ ಹರಿದರೆ ಹೊಲಿಯಬೇಕಾದವರು ಅವರೇ ಅಲ್ಲವೇ? ಸೂಜಿ ಹೆಂಗಸರ ಕೆಲಸ ಎನ್ನುವ ಗಂಡಸರು ಮನೆಯಲ್ಲಿದ್ದರೆ ಈ ಸಾಲನ್ನು ಗಟ್ಟಿಯಾಗಿ ಓದಿ.

ಆ ಬಂದರಿನ ಬಟ್ಟೆಗಳಲ್ಲಿ ಹಡಗಿನ ಹೆಸರಿರುತ್ತದೆ, ಕೆಲವೊಮ್ಮೆ ನಾವಿಕನ ಹೆಸರೂ ಇರುತ್ತದೆ. ಹೊಲಿದ ಕೈಯ ಹೆಸರು ಮಾತ್ರ ಸಿಗುವುದು ಅಪರೂಪ. ನಮ್ಮ ಅಜ್ಜಿಯರ ಸೀರೆಯಲ್ಲೂ ನೇಯ್ದವರ ಹೆಸರಿಲ್ಲ. ಆದರೆ ಅಲ್ಲಿ ಆ ಬಟ್ಟೆಗೆ ಗಾಜು ಹಾಕಿ ಗೋಡೆಗೇರಿಸುತ್ತಾರೆ, ಇಲ್ಲಿ ಹಳೆ ಜರಿ ಸೀರೆ ಕೊಳ್ಳುವವನು ಬೀದಿಗೆ ಬಂದರೆ ತೂಗಿಸಿ ಕೊಟ್ಟುಬಿಡುತ್ತೇವೆ. ಅವನು ಅದನ್ನು ಸುಟ್ಟು ಬೆಳ್ಳಿ ತೆಗೆಯುತ್ತಾನೆ. ಕಷ್ಟಕ್ಕೆ ಮಾರಿದವರನ್ನು ನಾನು ದೂರುವುದಿಲ್ಲ. ಮಗಳ ಫೀಸಿಗಿಂತ ಸೀರೆ ದೊಡ್ಡದಲ್ಲ. ಆದರೆ ಪೆಟ್ಟಿಗೆ ಖಾಲಿಯಾಗಲಿ ಎಂದು ಮಾತ್ರ ಕೊಡುವವರೂ ಇದ್ದಾರೆ.

ಇಟ್ಟುಕೊಳ್ಳುವುದಾದರೆ ಹೀಗೆ ಮಾಡಿ. ಪ್ಲಾಸ್ಟಿಕ್ ಚೀಲ ಬೇಡ, ತೊಳೆದು ಒಣಗಿಸಿದ ಹಳೆ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ಮೂರು ನಾಲ್ಕು ತಿಂಗಳಿಗೊಮ್ಮೆ ನೆರಳಿನಲ್ಲಿ ಗಾಳಿಯಾಡಿಸಿ ಮಡಿಕೆ ಬದಲಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ರೇಷ್ಮೆ ಅಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಅಂಚು ಅಥವಾ ಸೆರಗಿಗೆ ಚೌಕಟ್ಟು ಹಾಕಿಸುವಿರಾದರೆ ಬಿಸಿಲು ಬೀಳದ ಗೋಡೆ ಆರಿಸಿ, ಗಾಜು ಬಟ್ಟೆಗೆ ಒತ್ತದಂತೆ ನಡುವೆ ತುಸು ಎಡೆ ಬಿಡಿಸಿ. ಜೊತೆಗೆ ಒಂದು ಚೀಟಿಯಲ್ಲಿ ಬರೆದಿಡಿ: ಯಾರ ಸೀರೆ, ಯಾವ ಊರಿನದು, ಯಾರ ಮದುವೆಗೆ ಕೊಂಡದ್ದು. ಇದನ್ನು ಹೇಳಬಲ್ಲ ಅಜ್ಜಿ ಮನೆಯಲ್ಲಿದ್ದರೆ ಈ ವಾರವೇ ಕೇಳಿ.